ಬೇಲಿ ಪಕ್ಕದ ನಾಲ್ಕು ಸಾಲು

ಇದು ಮೂರು ವರ್ಷದ ಹಿಂದಿನ ದಸರಾ ರಜೆಯಲ್ಲಿ ನಡೆದದ್ದು. ನಾನು ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಆಯುಧಪೂಜೆಯ ದಿನ ಮಷೀನುಗಳಿಗೆ ಚೆಂಡುಹೂ ಕಟ್ಟಿ, ಕುಂಬಳಕಾಯಿ ಒಡೆದು, ಕೈಗೊಂದು ಕಡ್ಲೆಪುರಿ ಪೊಟ್ಟಣ ಕೊಟ್ಟು ಐದು ದಿನ ರಜೆ ಅಂದರು. ನಮ್ಮ ಮನೆ ಇರುವುದು ಗುಬ್ಬಿಯಲ್ಲಿ, ಅಪ್ಪನಿಗೆ ಅಲ್ಲೊಂದು ಸೈಕಲ್ ಶಾಪಿದೆ. ಹಬ್ಬಕ್ಕೆ ಬರುತ್ತೇನೆ ಎಂದು ಅಮ್ಮನಿಗೆ ಮಾತು ಕೊಟ್ಟಿದ್ದವನು ಕೊನೇ ಗಳಿಗೆಯಲ್ಲಿ ಓವರ್‌ಟೈಮ್ ಇದೆ ಎಂದು ಸುಳ್ಳು ಹೇಳಿ, ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಕುಣಿಗಲ್ ಬಸ್ಸು ಹತ್ತಿದೆ.

ಜೊತೆಯಲ್ಲಿದ್ದವನು ನನ್ನ ಶಿಫ್ಟಿನ ಗೆಳೆಯ ಕುಮಾರ. ಕುಣಿಗಲ್ಲಿನಿಂದ ಏಳೆಂಟು ಕಿಲೋಮೀಟರ್ ಒಳಗೆ ಅವನ ಊರು. "ಮನೇಲಿ ರೇಷ್ಮೆ ಬೆಳೆ ಐತೆ, ಹಬ್ಬ ಅಂತ ಆಳುಗಳು ಬರಲ್ಲ, ಬಂದು ಸ್ವಲ್ಪ ಕೈ ಹಾಕ್ಲಾ" ಎಂದು ಕರೆದಿದ್ದ. ಸ್ನೇಹಕ್ಕೆ ಹೋದೆ ಅಂತ ಅವನು ಅಂದುಕೊಂಡಿದ್ದ. ನಿಜ ಹೇಳಿಬಿಡುತ್ತೇನೆ. ಅದಕ್ಕೆ ಎರಡು ತಿಂಗಳ ಹಿಂದೆ ಅವನ ತಂಗಿ ಪವಿತ್ರ ಅವನಿಗೆ ಏನೋ ಕಾಗದ ಕೊಡಲು ನಮ್ಮ ಕಾರ್ಖಾನೆ ಗೇಟಿನ ಹತ್ತಿರ ಬಂದಿದ್ದಳು. ಐದು ನಿಮಿಷ ನಿಂತಿದ್ದಳು ಅಷ್ಟೆ. ಆವತ್ತಿನಿಂದ ನನಗೆ ಕುಣಿಗಲ್ ಎಂಬ ಬೋರ್ಡು ಕಂಡರೂ ಸಾಕು, ಮನಸ್ಸು ಆ ಬಸ್ಸಿನ ಹಿಂದೆ ಓಡುತ್ತಿತ್ತು.

ಇನ್ನೊಂದು ವಿಷಯ ಮೊದಲೇ ಹೇಳಬೇಕು. ನಾನು ಹುಟ್ಟಾ ಪುಕ್ಕಲ. ಸೂಪರ್‌ವೈಸರು ಹೆಸರು ಹಿಡಿದು ಕರೆದರೆ ನೆಪ ಹುಡುಕಲು ಶುರು ಮಾಡುತ್ತೇನೆ, ತಪ್ಪು ಮಾಡಿರಲಿ, ಬಿಡಲಿ. ಬೈಸಿಕೊಳ್ಳುವುದೆಂದರೆ ನನಗೆ ಆಗುವುದಿಲ್ಲ. ಈ ಗುಣ ಇಲ್ಲದಿದ್ದರೆ ನಾನಿವತ್ತು ಇದನ್ನು ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಸಂಜೆ ಹೊತ್ತಿಗೆ ಊರು ತಲುಪಿದೆವು. ಅಂಗಳದಲ್ಲಿ ಕುಮಾರನ ತಂದೆ ರಂಗಪ್ಪನವರು ಕೂತಿದ್ದರು. ವರ್ಷದ ಹಿಂದೆ ತೆಂಗಿನ ಮರದಿಂದ ಬಿದ್ದು ಅವರ ಬಲಭುಜ ಮೇಲೇಳುತ್ತಿರಲಿಲ್ಲ. ತಾಯಿ ಜಯಮ್ಮ ಕಾಫಿ ಕೊಟ್ಟರು. ಕುಮಾರ ವಾರಕ್ಕೊಮ್ಮೆ ಬಂದುಹೋಗುವವನು. ಹಾಗಾಗಿ ಎರಡೂವರೆ ಎಕರೆ ಜಮೀನು, ಅದರಲ್ಲಿದ್ದ ಹಿಪ್ಪುನೇರಳೆ ತೋಟ, ಮನೆ ಹಿಂದಿನ ಹುಳದ ಮನೆ ಎಲ್ಲವೂ ಪವಿತ್ರಳ ತಲೆಯ ಮೇಲಿತ್ತು.

ಹುಳದ ಮನೆ ನೋಡೋಣ ಎಂದು ಹೊರಟರೆ ಅವಳು ಬಾಗಿಲಿಗೆ ಅಡ್ಡ ನಿಂತಳು.

"ಸೆಂಟ್ ಹಾಕಿದೀರಾ?" ಎಂದಳು.

ಹಾಕಿದ್ದೆ. ಅದೂ ಅವಳಿಗಾಗಿಯೇ, ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಇನ್ನೊಂದು ಸಲ. "ಸ್ವಲ್ಪ" ಎಂದೆ.

"ಹೋಗಿ ಸ್ನಾನ ಮಾಡ್ಕೊಂಡ್ ಬನ್ನಿ. ಅಂಗೀನೂ ಬದಲಾಯ್ಸಿ. ಹುಳಕ್ಕೆ ವಾಸ್ನೆ ಆಗಲ್ಲ."

ಕುಮಾರ ಬಿದ್ದು ಬಿದ್ದು ನಕ್ಕ. ನಾನು ಆ ಊರಿನಲ್ಲಿ ಮೊದಲು ಮಾಡಿದ ಕೆಲಸ ತಣ್ಣೀರು ಸ್ನಾನ. ಆಮೇಲೆ ಚಪ್ಪಲಿ ಬಿಟ್ಟು, ಬಾಗಿಲಲ್ಲಿದ್ದ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿ ಒಳಗೆ ಹೋದೆ. ಉದ್ದನೆಯ ಎರಡು ಸ್ಟ್ಯಾಂಡು, ಒಂದೊಂದಕ್ಕೂ ಮೂರು ಮೂರು ಅಟ್ಟ. ಆರು ಅಟ್ಟದ ತುಂಬಾ ಬೆರಳುದ್ದದ ಬಿಳಿ ಹುಳಗಳು. ನಾಲ್ಕನೇ ಜ್ವರದಿಂದ ಎದ್ದು ಮೂರು ದಿನವಾಗಿದೆ ಎಂದಳು. ಹುಳ ಮೇಯುವುದನ್ನು ನಿಲ್ಲಿಸಿ, ಅಲ್ಲಾಡದೆ ಕೂತು ಪೊರೆ ಬಿಡುವುದನ್ನು ಅವರು ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ದಾಟಿದ ಹುಳ ಒಂದು ವಾರ ಹಸಿದು ಬಂದ ನೆಂಟರ ಹಾಗೆ ತಿಂದು, ಆಮೇಲೆ ಗೂಡು ಕಟ್ಟುತ್ತದೆ. ಸಾವಿರಾರು ಬಾಯಿ ಒಟ್ಟಿಗೆ ಸೊಪ್ಪು ಮೇಯುವ ಸದ್ದು ಆ ಕೋಣೆಯ ತುಂಬಾ ಇತ್ತು. ಬಾಣಲೆಯಲ್ಲಿ ಒಗ್ಗರಣೆ ಸಣ್ಣಗೆ ಚಿಟಗುಟ್ಟುವ ಹಾಗೆ.

ಊಟಕ್ಕೆ ಕೂತಾಗ ರಂಗಪ್ಪನವರು ಹೇಳಿದರು, "ಇದೊಂದು ಬೆಳೆ ಕಣಪ್ಪಾ. ಹಿಂದಿನ ಎರಡೂ ಹೋದ್ವು. ಒಂದಕ್ಕೆ ಹಾಲುತೊಂಡೆ ರೋಗ ಬಂತು. ಇನ್ನೊಂದು ರಾತ್ರಿ ಚೆನ್ನಾಗಿದ್ದಿದ್ದು ಬೆಳಗಾಗೋದ್ರೊಳಗೆ ಸತ್ತು ಬಿದ್ದಿತ್ತು. ಇದೂ ಹೋದ್ರೆ ಹಬ್ಬ ಕಳ್ದ ಮೇಲೆ ಜೆಸಿಬಿ ತರ್ಸಿ ಗಿಡಾನೆಲ್ಲ ಕೀಳಿಸ್ಬುಡ್ತೀನಿ. ಇಟ್ಟಿಗೆ ಸುಡೋರು ಜಮೀನು ಕೇಳ್ತಾವ್ರೆ."

ಪವಿತ್ರ ತಲೆ ಎತ್ತಲಿಲ್ಲ. "ಹೋಗಲ್ಲ ಬುಡಪ್ಪ" ಎಂದಳು ಅಷ್ಟೆ.

ಮಾರನೇ ದಿನ ವಿಜಯದಶಮಿ. ಊರಿಗೆಲ್ಲ ಹಬ್ಬ, ನಮಗೆ ಸೊಪ್ಪು. ಕುಡುಗೋಲು ಹಿಡಿದು ಹಿಪ್ಪುನೇರಳೆ ಕಡ್ಡಿ ಕೊಯ್ಯುವುದು, ಹೊರೆ ಕಟ್ಟುವುದು, ತಂದು ಸೊಪ್ಪಿನ ಕೋಣೆಯಲ್ಲಿ ಒದ್ದೆ ಗೋಣಿಚೀಲ ಹೊದಿಸಿ ಇಡುವುದು, ದಿನಕ್ಕೆ ಮೂರು ಹೊತ್ತು ಅಟ್ಟಗಳ ಮೇಲೆ ಹರಡುವುದು. ನಾನು ಕಟ್ಟಿದ ಹೊರೆ ಎರಡು ಹೆಜ್ಜೆಗೆ ಬಿಚ್ಚಿಕೊಂಡಿತು. ಪವಿತ್ರ ಬಂದು ಮೊಣಕಾಲೊತ್ತಿ ಹಗ್ಗ ಬಿಗಿದು ತೋರಿಸಿಕೊಟ್ಟಳು. "ಫ್ಯಾಕ್ಟ್ರೀಲಿ ಬೋಲ್ಟು ಹಿಂಗೇ ಟೈಟ್ ಮಾಡ್ತೀರಾ?" ಎಂದು ನಕ್ಕಳು. ಮೊದಲ ದಿನವೇ ಎಲ್ಲಿ ಅಣ್ಣ ಎಂದು ಕರೆದುಬಿಡುತ್ತಾಳೋ ಎಂದು ಹೆದರಿದ್ದೆ. ಕರೆಯಲಿಲ್ಲ. ಇದು ಒಳ್ಳೆಯ ಲಕ್ಷಣ ಎಂದುಕೊಂಡೆ.

ಮಧ್ಯಾಹ್ನ ಸೊಪ್ಪು ಹಾಕುತ್ತಾ ಅವಳು ತನ್ನ ಕಥೆ ಹೇಳಿದಳು. ಎರಡು ವರ್ಷ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿದ್ದಳಂತೆ. ಅಪ್ಪ ಮರದಿಂದ ಬಿದ್ದಾಗ ವಾಪಸು ಬಂದವಳು ಇಲ್ಲೇ ನಿಂತಳು.

"ಅಲ್ಲಿ ದಿನಪೂರ್ತಿ ಕಾಲರ್ರೇ ಹೊಲೀಬೇಕು. ಒಂದು ಪೂರ್ತಿ ಅಂಗಿ ನಾನು ಯಾವತ್ತೂ ಹೊಲ್ದಿಲ್ಲ ಕಣ್ರೀ. ಇಲ್ಲಿ ಮೊಟ್ಟೆಯಿಂದ ಗೂಡಿನ ತನಕ ಎಲ್ಲಾ ನಂದೇ. ಈ ಸಲಾನೂ ಹೋದ್ರೆ ಮತ್ತೆ ಅಲ್ಲಿಗೇ ಹೋಗ್ಬೇಕು, ಕಾಲರ್ ಹೊಲಿಯೋಕೆ."

"ನಿಮಗೆ ಭಯ ಆಗಲ್ವಾ?" ಎಂದು ಕೇಳಿದೆ.

"ಆಗುತ್ತೆ. ಅದಕ್ಕೇ ಎದ್ದ ತಕ್ಷಣ ಮುಖ ತೊಳೆಯೋಕ್ ಮುಂಚೆ ಬಂದು ಹುಳ ನೋಡ್ತೀನಿ."

ಅವಳ ಬಗ್ಗೆ ನನಗಿದ್ದದ್ದು ಬರೀ ಹುಚ್ಚು ಆಸೆ ಅಲ್ಲ ಎಂದು ಗೊತ್ತಾದದ್ದು ಆಗ. ಹೇಗಾದರೂ ಮಾಡಿ ಈ ಹುಡುಗಿಯ ಬೆಳೆ ಉಳಿಯಬೇಕು, ಅದರಲ್ಲಿ ನನ್ನ ಕೈಯೂ ಇರಬೇಕು ಅನ್ನಿಸಿತು.

ಆ ಉತ್ಸಾಹವೇ ಮುಳುವಾಯಿತು. ಮೂರನೇ ದಿನ ಬೆಳಗಿನ ಜಾವ ಎಲ್ಲರಿಗಿಂತ ಮೊದಲೇ ಎದ್ದು ಒಬ್ಬನೇ ತೋಟಕ್ಕೆ ಹೋದೆ. ಅವಳು ಎದ್ದು ಬರುವಷ್ಟರಲ್ಲಿ ಎರಡು ಹೊರೆ ಸೊಪ್ಪು ತಯಾರಿರಬೇಕು ಎಂಬ ಆಸೆ. ತೋಟದ ಒಳಗೆಲ್ಲ ಕೊಯ್ದ ಬೊಡ್ಡೆಗಳು, ಇಲ್ಲವೇ ಆಳೆತ್ತರ ಬಾರದ ಗಿಡಗಳು. ಆದರೆ ಬೇಲಿ ಪಕ್ಕದ ನಾಲ್ಕು ಸಾಲು ನನ್ನ ತಲೆಗಿಂತ ಎತ್ತರ ಬೆಳೆದು ನಿಂತಿದ್ದವು. ಅಂಗೈ ಅಗಲದ ಎಲೆಗಳು, ಒಂದೂ ಕುಡುಗೋಲು ಕಂಡಿಲ್ಲ. ಇಷ್ಟು ಒಳ್ಳೆಯ ಸೊಪ್ಪನ್ನು ಬಿಟ್ಟು ಇವರು ದೂರದಿಂದ ಹೊತ್ತು ಸಾಯುತ್ತಾರಲ್ಲ ಎಂದು ಒಳಗೊಳಗೇ ನಕ್ಕೆ. ಎರಡು ದೊಡ್ಡ ಹೊರೆ ಕೊಯ್ದು, ಹಿಂದಿನ ದಿನ ಕಲಿತ ಹಾಗೆ ಮೊಣಕಾಲೊತ್ತಿ ಬಿಗಿದು, ತಂದು ಸೊಪ್ಪಿನ ಕೋಣೆಯಲ್ಲಿ ಇಟ್ಟು ಗೋಣಿಚೀಲ ಹೊದಿಸಿದೆ. ಆಮೇಲೆ ಎದ್ದ ಕುಮಾರನ ಜೊತೆ ಮತ್ತೆ ಹೋಗಿ ಒಳಗಿನ ಸಾಲಿನಿಂದ ಐದು ಹೊರೆ ತಂದೆವು. ಎಲ್ಲಾ ಸೇರಿ ಏಳು. ಅದು ಹಗಲಿನ ಮೇವು. ಬೆಳಗಿನದನ್ನು ಪವಿತ್ರ ಹಿಂದಿನ ಸಂಜೆಯ ಸೊಪ್ಪಿನಲ್ಲೇ ಮುಗಿಸಿದ್ದಳು.

ಒಂಬತ್ತೂವರೆಗೆ ತಿಂಡಿಗೆ ಕೂತೆವು. ಜಯಮ್ಮ ಒತ್ತು ಶಾವಿಗೆ ಮಾಡಿದ್ದರು. ಪವಿತ್ರ ಬೇಗ ಬೇಗ ತಿಂದು, "ಬಿಸಿಲು ಜಾಸ್ತಿ ಆಯ್ತು, ಹುಳ ಸೊಪ್ಪು ಮುಗಿಸ್ಬುಟ್ಟವೆ" ಎಂದು ಹುಳದ ಮನೆಗೆ ಹೋದಳು. ಕುಮಾರ ಕೈ ತೊಳೆಯಲು ಎದ್ದ. ನಾನು ಸುಮ್ಮನೆ ಮಾತಿಗೆಂದು ರಂಗಪ್ಪನವರನ್ನು ಕೇಳಿದೆ, "ಯಜಮಾನ್ರೇ, ಆ ಎರಡನೇ ಬೆಳೆ ಯಾಕೆ ಹೋಯ್ತು?"

"ಪಕ್ಕದ ಬೀನ್ಸ್ ತೋಟದೋನು ಔಷ್ದಿ ಹೊಡೆದಿದ್ದ ಕಣಪ್ಪ. ಗಾಳೀಲಿ ನಮ್ಮ ಸೊಪ್ಪಿಗೆ ಬಂದಿತ್ತು, ನಮಗೆ ಗೊತ್ತಾಗ್ಲಿಲ್ಲ. ಅವತ್ತಿಂದ ಪವಿ ಆ ಬೇಲಿ ಪಕ್ಕದ ನಾಲ್ಕು ಸಾಲು ಮುಟ್ಟಲ್ಲ. ಹಸೂಗೂ ಹಾಕಲ್ಲ. ಈಗ್ಲೂ ಹಬ್ಬಕ್ ಮುಂಚೆ ಹೊಡ್ದವ್ನೆ. ಈ ಸಲ ಪಾಪ ಹೇಳಿ ಕಳ್ಸಿದ್ದ."

ಬೆಳಿಗ್ಗೆ ನಾನು ಕೊಯ್ದದ್ದು ಆ ಸಾಲುಗಳನ್ನೇ. ನನಗೆ ಆ ವಿಷಯ ಯಾರೂ ಹೇಳಿರಲಿಲ್ಲ. ಆ ಊರಿನಲ್ಲಿ ಎಲ್ಲರಿಗೂ ಗೊತ್ತಿರುವುದನ್ನು ಯಾರು ಯಾರಿಗೆ ಯಾಕೆ ಹೇಳುತ್ತಾರೆ?

ಆಗ ನಾನು ಎದ್ದು ಓಡಬೇಕಿತ್ತು. ಹುಳದ ಮನೆ ಇದ್ದದ್ದು ಐವತ್ತು ಹೆಜ್ಜೆ ದೂರದಲ್ಲಿ. ನಾನು ಓಡಲಿಲ್ಲ. ತಟ್ಟೆಯಲ್ಲಿದ್ದದ್ದನ್ನು ತಿಂದೆ. ಜಯಮ್ಮ ಕಾಫಿ ತಂದರು, ಕುಡಿದೆ. ಗಾಳಿ ಆ ಕಡೆಗೆ ಬೀಸಿರಬಹುದು, ಔಷಧಿ ಬಿದ್ದಿರಲಿಕ್ಕಿಲ್ಲ ಎಂದುಕೊಂಡೆ. ಪವಿತ್ರ ಮೊದಲು ಬೇರೆ ಹೊರೆ ಬಿಚ್ಚುತ್ತಾಳೆ, ಅಷ್ಟರಲ್ಲಿ ಮೆಲ್ಲನೆ ಹೋಗಿ ನನ್ನ ಎರಡು ಹೊರೆ ಎತ್ತಿ ಎಲ್ಲಾದರೂ ಎಸೆದುಬಿಡೋಣ, ಯಾರಿಗೂ ಗೊತ್ತಾಗುವುದಿಲ್ಲ ಎಂದೂ ಯೋಚಿಸಿದೆ. ಕುಮಾರ ಏನೋ ಕ್ರಿಕೆಟ್ ಮಾತಾಡುತ್ತಿದ್ದ, ಹೂಂ ಹೂಂ ಎಂದೆ. ಅವಳು ನನ್ನನ್ನು ನೋಡುವ ನೋಟ ಹೇಗಿರುತ್ತದೆ ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು. ಹುಳದ ಯೋಚನೆ ಆಮೇಲೆ ಬಂತು. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಗೋಡೆ ಗಡಿಯಾರ ನೋಡಿದಾಗ ಹತ್ತು ಹತ್ತಾಗಿತ್ತು. ಇಪ್ಪತ್ತು ನಿಮಿಷ ಕಳೆದಿತ್ತು. ಕೊನೆಗೆ ಹೊರೆ ಕದಿಯುವ ಉದ್ದೇಶದಿಂದಲೇ ಎದ್ದು ಸೊಪ್ಪಿನ ಕೋಣೆಗೆ ಹೋದೆ. ಆರು ಹೊರೆ ಇದ್ದವು. ಎಲ್ಲಕ್ಕೂ ಒಂದೇ ತರದ ತೆಂಗಿನ ನಾರಿನ ಹಗ್ಗ, ಎಲ್ಲದರಲ್ಲೂ ಒಂದಿಷ್ಟು ಅಗಲದ ಎಲೆ ಕಾಣುತ್ತಿತ್ತು. ಇಟ್ಟ ಜಾಗ ಬದಲಾಗಿತ್ತು, ಯಾವುದು ನನ್ನದು ಎಂದು ನನಗೇ ಗೊತ್ತಾಗಲಿಲ್ಲ. ಒಂದು ಆಗಲೇ ಒಳಗೆ ಹೋಗಿತ್ತು.

ಹುಳದ ಮನೆಗೆ ಓಡಿದೆ. ಚಪ್ಪಲಿಯಲ್ಲೇ.

ಪವಿತ್ರ ಎಡಗಡೆ ಸ್ಟ್ಯಾಂಡಿನ ಕೆಳಗಿನ ಅಟ್ಟ, ಮಧ್ಯದ ಅಟ್ಟ ಎರಡಕ್ಕೂ ಹಾಕಿ ಮುಗಿಸಿ ಮೇಲಿನದಕ್ಕೆ ಕೈ ಎತ್ತಿದ್ದಳು. ಕೈಯಲ್ಲಿದ್ದ ಎಲೆ ಅಂಗೈ ಅಗಲದ್ದು. "ಹಾಕ್ಬೇಡಿ" ಎಂದು ಕೂಗಿದೆ. ಅವಳು ನನ್ನ ಕಾಲಿನ ಚಪ್ಪಲಿ ನೋಡಿದಳು.

"ಅದು ಬೇಲಿ ಪಕ್ಕದ ಸೊಪ್ಪು. ನಾನೇ ಕೊಯ್ದೆ. ನನಗೆ ಗೊತ್ತಿರ್ಲಿಲ್ಲ."

"ಯಾವ ಕಡೆ ಬೇಲಿ?"

"ಬೀನ್ಸ್ ಕಡೆ. ಈಗ ತಾನೇ ನಿಮ್ಮಪ್ಪ ಹೇಳಿದ್ರು."

ಗಮನಿಸಿ, ಆ ಹೊತ್ತಿನಲ್ಲೂ ನಾನು 'ಈಗ ತಾನೇ' ಎಂದೆ.

ಅವಳು ಬೈಯಲಿಲ್ಲ. ಕೈಯಲ್ಲಿದ್ದ ಕಡ್ಡಿಗಳನ್ನು ಕಿಟಕಿಯಾಚೆ ಎಸೆದು, "ಅಮ್ಮಾ! ಅಣ್ಣಾ! ಬನ್ರೋ!" ಎಂದು ಕೂಗಿದಳು. ಎಲ್ಲರೂ ಓಡಿ ಬಂದರು. ಕಿಟಕಿ ಬಾಗಿಲು ಎಲ್ಲಾ ತೆಗೆಸಿದಳು. ಎರಡೂ ಅಟ್ಟದ ಮೇಲಿನ ಹೊಸ ಕಡ್ಡಿಗಳನ್ನು ಒಂದೊಂದಾಗಿ ಎತ್ತಿ, ಹತ್ತಿದ್ದ ಹುಳವನ್ನು ಕೈಯಲ್ಲೇ ಬಿಡಿಸಿ ಹಾಕಿದೆವು. ಕೆಳಗಿನ ಅಟ್ಟದಲ್ಲಿ ಆಗಲೇ ಶುರುವಾಗಿತ್ತು. ಹುಳಗಳು ಮುಂಭಾಗ ಎತ್ತಿ ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತಿದ್ದವು. ಬಾಯಿಂದ ಹಸಿರು ನೀರು. ನನ್ನ ಬೆರಳಿಗೆಲ್ಲ ಅದು ಅಂಟಿತು. ಆ ಕಡೆಯ ಅಟ್ಟಗಳಲ್ಲಿ ಮೇಯುವ ಸದ್ದು ನಿಂತುಹೋಗಿತ್ತು. ಜಯಮ್ಮ "ಅಯ್ಯೋ ನನ್ನ ಕಂದಮ್ಮಗಳಾ" ಎಂದು ಅಳುತ್ತಲೇ ಕಡ್ಡಿ ಎತ್ತುತ್ತಿದ್ದರು. ಕುಮಾರ ನನ್ನ ಕಡೆ ಒಂದು ಸಲ ನೋಡಿ, "ಏನ್ಲಾ ಮಾಡ್ಬುಟ್ಟೆ" ಎಂದ.

ಉಳಿದ ನಾಲ್ಕು ಅಟ್ಟದ ಹುಳ ಹಸಿದು ಸೊಪ್ಪಿಗೆ ಕಾಯುತ್ತಿದ್ದವು. ಕೋಣೆಯಲ್ಲಿ ಆರು ಹೊರೆ ಇತ್ತು, ಅದರಲ್ಲಿ ಒಂದು ವಿಷ. ಎಲ್ಲವನ್ನೂ ಎಸೆದು ಹೊಸದಾಗಿ ಕೊಯ್ಯೋಣವೆಂದರೆ ಆಳಿಲ್ಲ, ಅಷ್ಟು ಹೊತ್ತು ಈ ವಯಸ್ಸಿನ ಹುಳ ಹಸಿವು ತಡೆಯುವುದಿಲ್ಲ. ಪವಿತ್ರ ಅಡುಗೆಮನೆಯಿಂದ, ಪಕ್ಕದ ಮನೆಯಿಂದ ಮೊರ, ತಟ್ಟೆ ಸೇರಿಸಿ ಆರು ತಂದು ಜಗುಲಿಯ ಮೇಲೆ ಸಾಲಾಗಿ ಇಟ್ಟಳು. ಒಂದೊಂದಕ್ಕೂ ಹತ್ತು ಒಳ್ಳೆಯ ಹುಳ ಹಾಕಿ, ಒಂದೊಂದು ಹೊರೆಯ ನಾಲ್ಕು ಎಲೆ ಇಟ್ಟಳು. ಅನುಮಾನ ಬಂದ ಸೊಪ್ಪನ್ನು ಅವರು ಹಾಗೇ ಪರೀಕ್ಷೆ ಮಾಡುವುದಂತೆ.

"ನೀವು ಇಲ್ಲೇ ಕೂತ್ಕೊಂಡು ನೋಡಿ. ಯಾವ್ದು ತಲೆ ಆಡಿಸ್ತು ಅಂತ ಹೇಳಿ" ಎಂದು ನನಗೆ ಹೇಳಿ, ಕುಮಾರನ ಜೊತೆ ತಾನೂ ಕುಡುಗೋಲು ಹಿಡಿದು ತೋಟಕ್ಕೆ ಓಡಿದಳು.

ನನ್ನ ಜೀವನದಲ್ಲಿ ನಾನು ಅಷ್ಟು ಹೆದರಿದ್ದು ಆ ಒಂದು ಗಂಟೆ. ಎದುರಿಗೆ ರಂಗಪ್ಪನವರು ಬಂದು ಕೂತರು. ಇಬ್ಬರ ನಡುವೆ ಆರು ತಟ್ಟೆ.

"ನೀನೇನಾ ಕೊಯ್ದಿದ್ದು?" ಎಂದರು.

"ಹೂಂ ಯಜಮಾನ್ರೇ."

ಅವರು ಬಗ್ಗಿ ಒಂದು ತಟ್ಟೆಯ ಎಲೆ ಸರಿಮಾಡಿದರು. ಬೈದಿದ್ದರೆ ನೆಮ್ಮದಿಯಾಗುತ್ತಿತ್ತೇನೋ. ನಾನು ಆ ಅರವತ್ತು ಹುಳಗಳನ್ನು ಕಣ್ಣು ಮಿಟುಕಿಸದೆ ನೋಡಿದೆ. ಒಂದು ಹುಳ ಎಲೆಯ ಅಂಚಿನಿಂದ ಅಂಚಿಗೆ ತಲೆ ಹೊರಳಿಸಿದರೂ ಆ ತಟ್ಟೆಯ ಮೇಲೆ ಬಗ್ಗುತ್ತಿದ್ದೆ. ಎಲ್ಲಾ ತಟ್ಟೆಯಲ್ಲೂ ಹುಳ ತಿನ್ನುತ್ತಲೇ ಇದ್ದವು. ವಿಷದ ಹೊರೆ ಒಂದೇ ಅಂತ ಏನು ಗ್ಯಾರಂಟಿ, ಆರರಲ್ಲೂ ಬೆರೆತಿದ್ದರೆ? ನಾನು ಎರಡು ಹೊರೆಯನ್ನು ಬೇಲಿಯಿಂದಲೇ ತುಂಬಿದೆನೇ, ಕಡೆಗೆ ಒಳಗಿನ ಸಾಲಿನದೂ ಸೇರಿಸಿದೆನೇ ಎಂಬುದೇ ಮರೆತುಹೋಗಿತ್ತು. ಎಷ್ಟು ನೆನಪಿಸಿಕೊಂಡರೂ ಬರಲಿಲ್ಲ. ದೇವರೇ, ಅಂತ ಎಷ್ಟು ಸಲ ಅಂದೆನೋ.

ನಲವತ್ತು ನಿಮಿಷದ ಮೇಲೆ ನಾಲ್ಕನೇ ತಟ್ಟೆಯಲ್ಲಿ ಒಂದು ಹುಳ ತಿನ್ನುವುದು ಬಿಟ್ಟು ಹಿಂದಕ್ಕೆ ಸರಿಯಿತು. ತಲೆ ಎತ್ತಿತು. ಆಡಿಸಿತು. ಎರಡು ನಿಮಿಷದಲ್ಲಿ ಅದರ ಪಕ್ಕದ್ದು, ಆಮೇಲೆ ಇನ್ನೆರಡು. "ನಾಲ್ಕನೇದು!" ಎಂದು ಕಿರುಚಿದೆ. ರಂಗಪ್ಪನವರು ಬಗ್ಗಿ ನೋಡಿ, ಎಡಗೈಯಲ್ಲಿ ಆ ತಟ್ಟೆಯನ್ನು ದೂರ ಸರಿಸಿದರು. ಇನ್ನೂ ಕಾಲು ಗಂಟೆ ಕಾದೆವು. ಬೇರೆ ಐದರಲ್ಲಿ ಏನೂ ಆಗಲಿಲ್ಲ. ಪವಿತ್ರ ಬೆವರು ಸುರಿಸುತ್ತಾ ಹೊಸ ಹೊರೆ ಹೊತ್ತು ಬಂದವಳು, ಸೋಪಿನಲ್ಲಿ ಮೂರು ಸಲ ಕೈ ತೊಳೆದು, ಆ ಐದು ಹೊರೆಯಿಂದ ಬೇಕಾದಷ್ಟು ಸೊಪ್ಪು ತೆಗೆದು ನಾಲ್ಕು ಅಟ್ಟಕ್ಕೆ ಹರಡಿದಳು. ನಾವೆಲ್ಲ ಬಾಗಿಲಲ್ಲಿ ನಿಂತು ಕಿವಿಗೊಟ್ಟೆವು. ಮೇಯುವ ಸದ್ದು ಮೆಲ್ಲಗೆ ಶುರುವಾಯಿತು.

ಎಡಗಡೆಯ ಎರಡು ಅಟ್ಟ ಉಳಿಯಲಿಲ್ಲ. ಸಂಜೆಯೊಳಗೆ ಎಲ್ಲಾ ಸುಕ್ಕುಗಟ್ಟಿ, ಗಿಡ್ಡವಾಗಿ, ಕಪ್ಪಾಗತೊಡಗಿದವು. ಕುಮಾರ ತೋಟದ ಮೂಲೆಯಲ್ಲಿ ಗುಂಡಿ ತೋಡಿದ. ಬುಟ್ಟಿ ಬುಟ್ಟಿಯಾಗಿ ಹೊತ್ತು ಹಾಕಿ, ಮೇಲೆ ಸುಣ್ಣ ಚೆಲ್ಲಿ ಮುಚ್ಚಿದೆವು. ಹೊತ್ತವನು ನಾನು. ಯಾರೂ ಹೊರು ಎಂದು ಹೇಳಿರಲಿಲ್ಲ.

ಮುಂದಿನ ಎರಡು ದಿನ ನಾನು ಆ ಮನೆಯಲ್ಲಿ ಹೇಗಿದ್ದೆ ಎಂದು ಕೇಳಬೇಡಿ. ಮೊದಲೇ ವಿಷ ಮುಟ್ಟಿದ ಕೈಯಲ್ಲಿ ಬೇರೆ ಅಟ್ಟ ಮುಟ್ಟಿದ್ದೆವಾ, ಗಾಳಿಯಲ್ಲಿ ಹೋಗಿತ್ತಾ ಎಂದು ಎಲ್ಲರಿಗೂ ಒಳಗೊಳಗೇ ಅಂಜಿಕೆ. ಪವಿತ್ರ ನನ್ನ ಮೇಲೆ ಕೋಪ ತೋರಿಸಲಿಲ್ಲ. "ನಿಮಗೇನ್ ಗೊತ್ತಿತ್ತು? ನಾವ್ ಹೇಳ್ಬೇಕಾಗಿತ್ತು. ಗೊತ್ತಾದ ತಕ್ಷಣ ಓಡಿ ಬಂದ್ರಲ್ಲ, ಅದೇ ದೊಡ್ಡದು" ಎಂದಳು. ಆ ಮಾತು ಕೇಳಿದ ಮೇಲೆ ನನಗೆ ಅನ್ನ ಸೇರಲಿಲ್ಲ. ಅವಳು ಒಳ್ಳೆಯ ಮಾತಾಡಿದಷ್ಟೂ ನನಗೆ ಹೆದರಿಕೆ ಹೆಚ್ಚಾಗುತ್ತಿತ್ತು.

ರಜೆಯ ಕೊನೆಯ ದಿನ. ಮಧ್ಯಾಹ್ನದ ಬಸ್ಸಿಗೆ ಹೊರಡಬೇಕು. ಬೆಳಿಗ್ಗೆ ಕಾಲು ಅದ್ದಿ ಹುಳದ ಮನೆಗೆ ಹೋದರೆ ನನ್ನ ಜೀವ ಹಾರಿಹೋಯಿತು. ಬಲಗಡೆಯ ಅಟ್ಟದಲ್ಲಿ ಹುಳಗಳು ತಿನ್ನುತ್ತಿಲ್ಲ. ಮುಂಭಾಗ ಎತ್ತಿ, ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತಿವೆ. ಒಂದಲ್ಲ, ಎರಡಲ್ಲ, ನೂರಾರು. ನಾನು ಹೊರಗೆ ಓಡಿ, "ಪವಿತ್ರಾ! ಮತ್ತೆ ಶುರುವಾಯ್ತು! ತಲೆ ಆಡಿಸ್ತಾ ಅವೆ!" ಎಂದು ಕೂಗಿದೆ. ದನಿ ಒಡೆದು ಅಳುವೇ ಬಂದುಬಿಟ್ಟಿತ್ತು.

ಅವಳು ಕೈಯಲ್ಲಿದ್ದ ಬಿಂದಿಗೆ ಹಾಗೇ ಬಿಟ್ಟು ಓಡಿ ಬಂದಳು. ಒಂದು ಹುಳ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಅದರ ಮೈ ಬಿಳುಪು ಹೋಗಿ ಜೇನಿನ ಬಣ್ಣಕ್ಕೆ ತಿರುಗಿ, ಆಚೆಯ ಬೆಳಕು ಕಾಣುತ್ತಿತ್ತು. ಅವಳು ನಗಲು ಶುರು ಮಾಡಿದಳು. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡಳು.

"ಹಣ್ಣಾಗವೆ ಕಣ್ರೀ! ಗೂಡು ಕಟ್ಟೋಕೆ ಜಾಗ ಹುಡುಕ್ತಾ ಇವೆ. ಅದಕ್ಕೆ ತಲೆ ಎತ್ತೋದು. ಅಮ್ಮಾ, ಚಂದ್ರಿಕೆ ತಗೊಂಡ್ ಬಾ, ಹುಳ ಹಣ್ಣಾದ್ವು!"

ಹುಳ ಸಾಯುವಾಗಲೂ ತಲೆ ಎತ್ತುತ್ತದೆ, ಗೂಡು ಕಟ್ಟುವಾಗಲೂ ಎತ್ತುತ್ತದೆ ಎಂದು ನನಗೆ ಯಾರು ಹೇಳಿದ್ದರು? ಎಲ್ಲರೂ ಸೇರಿ ಹಣ್ಣಾದ ಹುಳ ಆರಿಸಿ, ಬಿದಿರಿನ ತಟ್ಟಿಗೆ ಸುರುಳಿ ಹೆಣೆದ ಚಂದ್ರಿಕೆಗಳೊಳಗೆ ಬಿಡತೊಡಗಿದೆವು. ಜಯಮ್ಮ ಹಳೆ ಸೋಬಾನೆ ಪದ ಗುನುಗುತ್ತಿದ್ದರು. ಪವಿತ್ರ ನನ್ನ ಪಕ್ಕದಲ್ಲೇ ಕೂತು, ನನ್ನ ಭುಜಕ್ಕೆ ಭುಜ ತಾಗುವಷ್ಟು ಹತ್ತಿರದಲ್ಲಿ ಹುಳ ಆರಿಸುತ್ತಿದ್ದಳು. ನಾನು ಕನಸು ಕಂಡು ಬಂದದ್ದು ಇದನ್ನೇ. ಆದರೆ ಅವಳ ಆ ಖುಷಿಯ ಮುಖ ನೋಡುತ್ತಾ ಸುಮ್ಮನೆ ಕೂರಲು ನನ್ನಿಂದ ಆಗಲಿಲ್ಲ.

"ಒಂದ್ ಮಾತು ಹೇಳ್ಬೇಕು" ಎಂದೆ. "ಅವತ್ತು ನನಗೆ ತಿಂಡಿ ತಿನ್ನುವಾಗಲೇ ಗೊತ್ತಾಗಿತ್ತು. ತಕ್ಷಣ ಓಡಿ ಬರ್ಲಿಲ್ಲ. ಇಪ್ಪತ್ತು ನಿಮಿಷ ಸುಮ್ನೆ ಕೂತಿದ್ದೆ."

ಅವಳ ಕೈ ನಿಂತಿತು. "ಯಾಕೆ?"

"ಹೆದರಿಕೆ."

"ಯಾರದು? ಅಪ್ಪಂದಾ?"

"ನಿಮ್ದು."

ಅವಳು ಎಡಗಡೆ ಸ್ಟ್ಯಾಂಡಿನ ಖಾಲಿ ಅಟ್ಟಗಳ ಕಡೆ ನೋಡಿದಳು. "ಮಧ್ಯದ ಅಟ್ಟಕ್ಕೆ ನಾನು ಆ ಇಪ್ಪತ್ತು ನಿಮಿಷದಲ್ಲೇ ಹಾಕಿದ್ದು" ಎಂದಳು.

"ಗೊತ್ತು."

ಅವಳು ಎದ್ದು ಹೋಗಿ ಆ ಕಡೆಯ ಚಂದ್ರಿಕೆಯ ಹತ್ತಿರ ಕೂತಳು. ಮಧ್ಯಾಹ್ನ ನಾನು ಹೊರಡುವಾಗ ಜಯಮ್ಮ ಎಲೆ ಅಡಿಕೆ ಕೊಟ್ಟು ಕಳಿಸಿದರು. ಪವಿತ್ರ ಹೊರಗೆ ಬರಲಿಲ್ಲ.

ನಾಲ್ಕು ಅಟ್ಟದ ಗೂಡು ಒಂದು ವಾರದಲ್ಲಿ ರಾಮನಗರದ ಮಾರುಕಟ್ಟೆಗೆ ಹೋಯಿತು. ಗಟ್ಟಿ ಗೂಡು, ಒಳ್ಳೆ ಗೂಡು ಎಂದು ಹೊಗಳಿದರಂತೆ. ಇಟ್ಟಿಗೆಯವರು ಬಂದಾಗ ರಂಗಪ್ಪನವರು, "ವಿಷ ಬಿದ್ದ ಬೆಳೇನೇ ಉಳಿಸ್ಕೊಂಡ್ಲು ನನ್ ಮಗ್ಳು. ಅವ್ಳು ಇರೋ ತನ್ಕ ಈ ಜಮೀನ್ ಕೇಳ್ಬೇಡಿ" ಎಂದು ಕಳಿಸಿದರು ಎಂದು ಕುಮಾರ ಬಂದು ಹೇಳಿದ. ಕೇಳಿ ಕುಣಿದಾಡಬೇಕು ಅನ್ನಿಸಿತು. ಆದರೆ ನಾನು ಕಳಿಸಿದ ಮೆಸೇಜುಗಳಿಗೆ ಅವಳಿಂದ ಒಂದೂ ಉತ್ತರ ಬಂದಿರಲಿಲ್ಲ. ಒಂದು ತಿಂಗಳು ಹಾಗೇ ಕಳೆಯಿತು. ನನ್ನ ಕಥೆ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಒಂದು ಭಾನುವಾರ ಗುಬ್ಬಿಯಲ್ಲಿ ಅಪ್ಪನ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಾ ಕೂತಿದ್ದಾಗ ಫೋನು ಬಂತು. ಹಲೋ ಕೂಡ ಇಲ್ಲ.

"ಇನ್ನೊಂದ್ಸಲ ಏನಾದ್ರೂ ಹಂಗಾದ್ರೆ ಏನ್ ಮಾಡ್ತೀರಾ?"

"ಓಡಿ ಬಂದು ಹೇಳ್ತೀನಿ."

"ಹೆದರಿಕೆ ಆದ್ರೆ?"

ಆಗಲ್ಲ ಎಂದು ಹೇಳೋಣ ಅನ್ನಿಸಿತು. ಆದರೆ ಅದೂ ಸುಳ್ಳಾಗುತ್ತಿತ್ತು. "ಆಗೇ ಆಗುತ್ತೆ. ಹೆದ್ರಿಕೊಂಡೇ ಓಡಿ ಬರ್ತೀನಿ" ಎಂದೆ.

"ಹೊಸ ಹುಳ ತಂದಿದೀನಿ. ಮುಂದಿನ ಭಾನುವಾರ ಸೊಪ್ಪು ಕೊಯ್ಯೋಕೆ ಜನ ಕಮ್ಮಿ ಐತೆ" ಎಂದು ಫೋನಿಟ್ಟಳು.

ನಮ್ಮ ಮದುವೆಯಾಗಿ ಈಗ ಒಂದೂವರೆ ವರ್ಷ. ನಾನು ಹಿರೇಹಳ್ಳಿಯ ಕೆಲಸ ಬಿಟ್ಟಿಲ್ಲ, ಅವಳು ತೋಟ ಬಿಟ್ಟಿಲ್ಲ. ನನ್ನ ಪುಕ್ಕಲುತನವೂ ಬಿಟ್ಟಿಲ್ಲ. ಆದರೆ ಈಗ ಮನೆಯಲ್ಲಾಗಲಿ ಫ್ಯಾಕ್ಟರಿಯಲ್ಲಾಗಲಿ ಏನು ತಪ್ಪಾದರೂ, ಹೆದರಿಕೊಂಡೇ 'ನಾನೇ ಮಾಡಿದ್ದು' ಎಂದು ಹೇಳಿಬಿಡುತ್ತೇನೆ. ಕೆಳಗಿನ ಅಟ್ಟದ ಹುಳ ಗೊತ್ತಿಲ್ಲದೆ ಸತ್ತವು, ಅದಕ್ಕೆ ನನ್ನನ್ನು ನಾನು ಕ್ಷಮಿಸಿಕೊಂಡಿದ್ದೇನೆ. ಮಧ್ಯದ ಅಟ್ಟದವು ಬದುಕಬಹುದಿತ್ತು. ನಾನು ಬಿಸಿ ಕಾಫಿ ಕುಡಿಯುತ್ತಾ ಕೂತಿದ್ದಾಗ ಅವು ಆ ಸೊಪ್ಪು ತಿನ್ನುತ್ತಿದ್ದವು. ಪವಿತ್ರ ಆ ಮಾತನ್ನು ಮತ್ತೆಂದೂ ಎತ್ತಿಲ್ಲ, ನನಗೆ ಮಾತ್ರ ಅದನ್ನು ಇವತ್ತಿಗೂ ಮರೆಯಲು ಆಗಿಲ್ಲ.